ಹನ್ನೆರಡನೆಯ ಗುಣಿ

ನಮ್ಮ ಯಜಮಾನರಿಗೆ ಊರಲ್ಲಿ ಮಣ್ಣು ಡಾಕ್ಟ್ರು ಅಂತ ಹೆಸರು. ಗೌರವಕ್ಕಲ್ಲ, ಗೇಲಿಗೆ. ಮೆಕ್ಕೆಜೋಳ ಮೊಣಕಾಲುದ್ದ ಬರುವಾಗ ಉಳಿದವರು ಯೂರಿಯಾ ಚೆಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಕಬ್ಬಿಣದ ಕೊಳವೆ ಹಿಡಿದು ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತಿದ್ದರು. ಹದಿನೈದು ಕಡೆ, ಒಂದೊಂದು ಅಡಿ ಆಳಕ್ಕೆ ಕೊಳವೆ ತಿರುಪಿ ಮಣ್ಣು ತೆಗೆದು, ಬಕೆಟ್ಟಿನಲ್ಲಿ ಕಲಸಿ, ಒಂದು ಸಣ್ಣ ಚೀಲದಷ್ಟು ಮನೆಗೆ ತರುತ್ತಿದ್ದರು. ಅದನ್ನು ಅವತ್ತೇ ಒಣಗಿಸಬೇಕು. ಮಲಗುವ ಕೋಣೆಯಲ್ಲಿ ಪೇಪರ್ ಹಾಸಿ, ಮಣ್ಣು ಹರಡಿ, ಟೇಬಲ್ ಫ್ಯಾನು ಅದರ ಕಡೆ ತಿರುಗಿಸುತ್ತಿದ್ದರು.

“ನಾನಿಲ್ಲಿ ಬೆವರಿ ಸಾಯ್ತಿದೀನಿ. ಮಣ್ಣಿಗೆ ರಾಜೋಪಚಾರ!”

“ನೀನು ಕೆಡಲ್ಲ ಕಣೇ. ಅದು ಕೆಡುತ್ತೆ.”

ಈ ವರ್ಷ ಮೆಕ್ಕೆಜೋಳಕ್ಕೆ ಮುಂಚೆ ಅಲಸಂದೆ ಬಿತ್ತಿದ್ದರು. ಕೊಯ್ಯಲಿಕ್ಕಲ್ಲ. ಹೂ ಬಿಟ್ಟಾಗ ಹಸಿರಾಗಿಯೇ ಉತ್ತು ಮಣ್ಣಿಗೆ ಸೇರಿಸಿದರು. ಅದು ಕೊಳೆತು ಜೋಳಕ್ಕೆ ಎಷ್ಟು ಸಾರ ಕೊಟ್ಟಿದೆಯೋ, ಇನ್ನು ಯೂರಿಯಾ ಬೇಕೋ ಬೇಡವೋ, ಮಣ್ಣೇ ಹೇಳಬೇಕು ಎಂದರು. ಕೇಳಲು ಹೋದವರು ಹೊಲದಲ್ಲೇ ಬಿದ್ದರು. ಎದೆಬಡಿತ ನಿಂತಿತ್ತು. ನಾನು ಓಡುವಷ್ಟರಲ್ಲಿ ಮುಗಿದಿತ್ತು. ಕೊಳವೆ ಮಾತ್ರ ಅರ್ಧ ಇಳಿದು ನೆಟ್ಟಗೆ ನಿಂತಿತ್ತು.

ಬಕೆಟ್ಟಿನ ಮಣ್ಣನ್ನು ಯಾರೋ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿಟ್ಟರು. ಜನ ಬಂದರು, ಹೋದರು. ಚೀಲ ಅಲ್ಲೇ ಇತ್ತು. ಒಲೆ ಹಚ್ಚುವಾಗ ಬೆನ್ನ ಹಿಂದೆ ಯಾರೋ ಕೂತ ಹಾಗೆ ಅನ್ನಿಸುತ್ತಿತ್ತು. ಹಾಡಹಗಲಲ್ಲಿ ಕೊಳವೆ ತಿರುಪುವ ಕಿರ್ರ್ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ಅದು ಬಾಗಿಲ ಹಿಂದೆ ಸುಮ್ಮನೆ ಒರಗಿರುತ್ತಿತ್ತು.

ಎಂಟನೆಯ ದಿನ ಮೈದುನ ಬಂದ.

“ಅತ್ತಿಗೆ, ಜೋಳ ಮೊಣಕಾಲಿಗೆ ಬಂತು. ನಾಳೆ ಎರಡು ಮೂಟೆ ಯೂರಿಯಾ ಹಾಕಿಬಿಡ್ತೀನಿ.”

“ಮಣ್ಣು ಪರೀಕ್ಷೆ ಆಗಿಲ್ಲಪ್ಪಾ.”

“ಡಾಕ್ಟ್ರೇ ಹೋದ್ರು, ಇನ್ನೆಲ್ಲಿ ಪರೀಕ್ಷೆ?” ಎಂದು ನಾಲಿಗೆ ಕಚ್ಚಿಕೊಂಡ. “ತಡ ಮಾಡಿದ್ರೆ ತೆನೆ ತುಂಬಲ್ಲ. ಅಣ್ಣ ಬಿತ್ತಿದ ಕೊನೇ ಬೆಳೆ. ಹಾಳು ಮಾಡ್ಬೇಡಿ.”

ನನ್ನ ಭಯವೂ ಅದೇ.

“ನಾಲ್ಕು ದಿನ ಕೊಡು” ಎಂದೆ.

ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮಣ್ಣು ಪರೀಕ್ಷೆ ಕೇಂದ್ರಕ್ಕೆ ಹೋದೆ. ಅಲ್ಲಿನ ಮೇಡಂ ಗಂಟು ಬಿಚ್ಚಿ ಮೂಸಿ ನೋಡಿದರು.

“ಯಾವತ್ತು ತೆಗೆದಿದ್ದಮ್ಮ?”

“ಅವರು ಹೋದ ದಿನ.”

ಮೇಡಂ ಗಂಟು ಮತ್ತೆ ಕಟ್ಟಿದರು. “ಒದ್ದೆ ಮಣ್ಣು ಕಟ್ಟಿಟ್ರೆ ಒಳಗೆ ಸುಮ್ನಿರಲ್ಲಮ್ಮ. ಕೊಳೆಯೋದು ಕೊಳೀತಾನೇ ಇರುತ್ತೆ, ಸಾರಜನಕ ಏರ್ತಾನೇ ಇರುತ್ತೆ. ಇದನ್ನ ಅಳೆದ್ರೆ ಗೊಬ್ಬರವೇ ಬೇಡ ಅಂತ ಬರುತ್ತೆ. ಅದು ಈ ಚೀಲದ ಮಾತು, ಹೊಲದ್ದಲ್ಲ. ಮತ್ತೆ ತೆಗೀಬೇಕು.”

ಎಂಟು ದಿನ ಅವರಿರಲಿಲ್ಲ. ಅವರ ಮಣ್ಣು ನನ್ನ ಬೆನ್ನ ಹಿಂದೆ ಕೆಲಸ ಮಾಡುತ್ತಲೇ ಇತ್ತು.

ಮಾರನೆಯ ಬೆಳಿಗ್ಗೆ ನಾನೇ ಕೊಳವೆ ಹಿಡಿದೆ. ಅವರ ಗುಣಿಗಳು ಇನ್ನೂ ಮುಚ್ಚಿರಲಿಲ್ಲ. ಒಂದೊಂದರ ಪಕ್ಕದಲ್ಲೂ ನನ್ನದೊಂದು ತೆಗೆಯುತ್ತ ಹೋದೆ. ಹನ್ನೊಂದು ಆಯಿತು. ಹನ್ನೆರಡನೆಯದು ಅರ್ಧ ಗುಣಿ. ಅಲ್ಲಿ ಒಬ್ಬ ಆಳಿನ ಉದ್ದಕ್ಕೆ ಜೋಳ ಮಲಗಿತ್ತು.

ಮಂಡಿಯೂರಿದೆ. “ಬಿಡಿ, ನಾನು ಮಾಡ್ತೀನಿ” ಎಂದು ಅವರ ಗುಣಿಯಲ್ಲೇ ಕೊಳವೆ ಇಳಿಸಿ ಒಂದಡಿ ಮುಟ್ಟಿಸಿದೆ. ಉಳಿದ ಮೂರಕ್ಕೆ ಅವರು ಯಾವ ಕಡೆ ತಿರುಗುತ್ತಿದ್ದರೋ ಗೊತ್ತಿಲ್ಲ. ತೋಚಿದ ಕಡೆ ನಡೆದೆ.

ಅವತ್ತು ಫ್ಯಾನು ಮಣ್ಣಿಗೆ ಹಾಕಿದೆ. ನಾನು ಬೆವರಿದೆ.

“ಸಾರಜನಕ ಹದಿನೆಂಟು ಬಂದಿದೆ” ಎಂದರು ಮೇಡಂ, ಒಣಗಿದ ಮಣ್ಣು ಅಳೆದು. “ಇಪ್ಪತ್ತೈದು ದಾಟಿದ್ರೆ ಏನೂ ಬೇಕಿರಲಿಲ್ಲ. ಒಂದು ಮೂಟೆ ಹಾಕಿ, ಸಾಕು.”

ಮೈದುನ ಒಂದೇ ಮೂಟೆ ಇಳಿಸಿದ. “ಅಣ್ಣ ಇದ್ದಾಗ್ಲೂ ನನ್ನ ಮಾತು ಅರ್ಧವೇ ಕೇಳ್ತಿದ್ದ” ಎಂದು ನಕ್ಕ. ನಗುತ್ತಲೇ ಮುಖ ಒರೆಸಿಕೊಂಡ.

ಚೀಲದ ಮಣ್ಣನ್ನು ಹನ್ನೆರಡನೆಯ ಗುಣಿಗೆ ಸುರಿದೆ. ಮಲಗಿದ್ದ ಜೋಳ ಬುಡದಲ್ಲಿ ಸೊಟ್ಟಗಾಗಿಯೇ ಎದ್ದಿತು. ತೆನೆ ತುಂಬಿತು.

ಕಿರ್ರ್ ಸದ್ದು ಈಗಲೂ ಕೇಳುತ್ತದೆ. ನೋಡಲು ಹೋಗುವುದಿಲ್ಲ. ಕೂತಲ್ಲೇ ಎಣಿಸುತ್ತೇನೆ. ಹನ್ನೊಂದಕ್ಕೆ ನಿಲ್ಲುತ್ತದೆ.