ರಜೆ ವಿಭಾಗದ ಅಕ್ಕ
ರಜೆ ವಿಭಾಗದ ಅಕ್ಕನಿಗೆ ಕಚೇರಿಯವರ ನೆಗಡಿಯೂ ದೊಡ್ಡ ಕಾಯಿಲೆ. "ಎರಡು ದಿನ ಯಾವ ಮೂಲೆಗೆ ಸಾಲುತ್ತೆ? ನಾಲ್ಕು ಬರ್ಕೊಳಪ್ಪ," ಎಂದು ತಾನೇ ಅರ್ಜಿ ತಿದ್ದಿಕೊಡುತ್ತಾಳೆ. ತಾನು ಮಾತ್ರ, ಏಳು ತಿಂಗಳ ಬಸುರಿಯಾದರೂ, ಬಾತ ಪಾದಗಳನ್ನು ಮೇಜಿನಡಿ ಬಚ್ಚಿಟ್ಟುಕೊಂಡು ಕೂರುತ್ತಾಳೆ. ಅರ್ಧ ದಿನ ರಜೆ ಹಾಕಿದರೂ ಕದ್ದವಳಂತೆ ಹಿಂಬಾಗಿಲಿನಿಂದ ಹೋಗಿ, ಮನೆಯಿಂದ ಮೂರು ಸಲ ಫೋನು ಮಾಡುತ್ತಾಳೆ: "ಆ ಫೈಲು ಸಿಕ್ತಾ?" ತೂಕಡಿಸುವುದನ್ನು ಯಾರಾದರೂ ಕಂಡರೆ, "ನಿದ್ದೆ ಅಲ್ಲ, ಯೋಚನೆ ಮಾಡ್ತಿದ್ದೆ," ಎನ್ನುತ್ತಾಳೆ. ಮೊನ್ನೆ ಊಟವಾದ ಮೇಲೆ ಹಾಗೇ ಮೇಜಿಗೆ ತಲೆಯಿಟ್ಟವಳು ಕಣ್ಣು ಬಿಟ್ಟಾಗ ಗಂಟೆ ನಾಲ್ಕು. ಅವಳ ಕಿಟಕಿಯಲ್ಲಿ ಹೆಡ್ ಕ್ಲರ್ಕೇ ನಿಂತು, ಪಿಸುದನಿಯಲ್ಲಿ ಮಾತಾಡುತ್ತ ಅರ್ಜಿ ತೆಗೆದುಕೊಳ್ಳುತ್ತಿದ್ದರು. "ಎದ್ಯಾ ತಾಯಿ? ನಿಂದೂ ಒಂದು ಕೊಟ್ಬಿಡು," ಎಂದರು. ಅಕ್ಕ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕಾರಣದ ಜಾಗದಲ್ಲಿ ಒಂದೇ ಮಾತು ಬರೆದಳು: "ಸುಸ್ತಾಗಿದೆ."