ಕೆಡುವ ಗಳಿಗೆಗೆ ಕಾಯುವ ರಾಮಾಂಜಿನಪ್ಪ

ರಾಮಾಂಜಿನಪ್ಪ ಅವರಿಗೆ ಗ್ಯಾರೇಜಿಲ್ಲ. ಬೋರ್ಡಿಲ್ಲ, ಶೆಡ್ಡಿಲ್ಲ, ಗಾಡಿ ನಿಲ್ಲಿಸಿಕೊಳ್ಳಲು ಹತ್ತಡಿ ಜಾಗವೂ ಇಲ್ಲ. ಇರುವುದು ಒಂದು ಸೈಕಲ್ಲು, ಅದರ ಕ್ಯಾರಿಯರಿಗೆ ಬಿಗಿದ ಒಂದು ಟಿಫಿನ್ ಡಬ್ಬಿ. ಡಬ್ಬಿಯಲ್ಲಿ ಸ್ಪ್ಯಾನರುಗಳು, ತಂತಿ, ಒಂದು ಕಂಡೆನ್ಸರು ಮತ್ತು ಒಂದು ಕಾಯಿಲು.

ಬೆಳಗಿನ ಐದೂ ಮುಕ್ಕಾಲು. ಮತ್ತಿಗಿರಿಯ ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಅವರು ಕೂತಿದ್ದಾರೆ. ತಳಿ ಕಡೆಯಿಂದ ಹೂವಿನ ಜೀಪು ಬರಬೇಕು. ಬಂದು, ಇಲ್ಲಿ ನಿಂತು, ಮತ್ತೆ ಹೊರಡದೆ ಇರಬೇಕು. ಅದನ್ನು ನೋಡಲೆಂದೇ ಹೊಸೂರಿನಿಂದ ಸೈಕಲ್ ತುಳಿದುಕೊಂಡು ಬಂದಿದ್ದಾರೆ. ಮೂರು ದಿನದಿಂದ ಬರುತ್ತಿದ್ದಾರೆ. ಮೂರು ದಿನವೂ ಜೀಪು ಸರಿಯಾಗಿಯೇ ಹೊರಟುಹೋಗಿ ಅವರಿಗೆ ನಿರಾಸೆ ಮಾಡಿದೆ.

"ಬ್ಯಾರೆ ಮೆಕ್ಯಾನಿಕ್ಕುಗಳು ಕೆಟ್ಟ ಗಾಡಿ ನೋಡಾಕೆ ಹೋಗ್ತಾರೆ. ನಮ್ಮನೇರು ಗಾಡಿ ಕೆಡೋದ ಕಾಯಾಕೆ ಹೋಗ್ತಾರೆ" ಎಂದು ಅವರ ಹೆಂಡತಿ ಮುನಿಗಂಗಮ್ಮ ಮೂದಲಿಸುತ್ತಾರೆ. ಮಾತು ಸುಳ್ಳಲ್ಲ. ತಣ್ಣಗಿದ್ದಾಗ ಒಂದೇ ಸಲಕ್ಕೆ ಹತ್ತಿಕೊಂಡು, ಬಿಸಿಯಾಗಿ ನಿಂತ ಮೇಲೆ ಜಪ್ಪಯ್ಯ ಅಂದರೂ ಹತ್ತದ ಇಂಜಿನ್ನುಗಳೇ ಅವರ ಕಸುಬು. ಗ್ಯಾರೇಜಿಗೆ ಎಳೆದು ತರುವ ಹೊತ್ತಿಗೆ ಅಂಥ ಗಾಡಿಯ ಬಿಸಿ ಆರಿರುತ್ತದೆ, ರೋಗವೂ ಮಾಯವಾಗಿರುತ್ತದೆ. ಆದ್ದರಿಂದ ಇವರೇ ರೋಗ ಇದ್ದಲ್ಲಿಗೆ ಹೋಗುತ್ತಾರೆ. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಮೂರೋ ನಾಲ್ಕೋ ಗಾಡಿ.

ವಯಸ್ಸು ನಲವತ್ತೊಂದು. ಊರು ತೊರಪಲ್ಲಿ ಅಗ್ರಹಾರ. ಓದಿದ್ದು ಐದನೆಯ ಕ್ಲಾಸು. ಒಂಬತ್ತು ವರ್ಷ ಲಾರಿಯಲ್ಲಿ ಕ್ಲೀನರ್ ಆಗಿದ್ದರು. ಹೊಸೂರಿನಲ್ಲಿ ಕಾರ್ಖಾನೆಗಳು ಏಳತೊಡಗಿದಾಗ ಮೂರು ಕಡೆ ಕೆಲಸ ಕೇಳಿದರು. "ಸರ್ಟಿಫಿಕೇಟ್ ಕೇಳಿದ್ರು. ಸ್ಪ್ಯಾನರ್ ಕೇಳಿದ್ರೆ ಕೊಡ್ತಿದ್ದೆ" ಎನ್ನುತ್ತಾರೆ.

ಈ ಹೂವಿನ ಜೀಪು ಹರಾಜಿನಲ್ಲಿ ಕೊಂಡ ಹಳೆಯ ಪೆಟ್ರೋಲ್ ಜೀಪು. ತಳಿಯ ಸುತ್ತಲಿನ ಕನಕಾಂಬರವನ್ನು ಹೊತ್ತು ಆರೂವರೆಗೆ ಹೊಸೂರಿನಿಂದ ಹೊರಡುವ ಬೆಂಗಳೂರು ಬಸ್ಸಿಗೆ ಮುಟ್ಟಿಸುವುದು ಅದರ ಕೆಲಸ. ಆ ಬಸ್ಸು ತಪ್ಪಿದರೆ ಬೆಂಗಳೂರಿನ ಮಂಡಿಯಲ್ಲಿ ವ್ಯಾಪಾರ ಮುಗಿದಿರುತ್ತದೆ. ಮತ್ತಿಗಿರಿಯಲ್ಲಿ ಕೊನೆಯ ಗಂಟು ಹೇರಬೇಕು. ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ, ಆದ್ದರಿಂದ ಗೇರಿನಲ್ಲಿಟ್ಟು ಇಂಜಿನ್ ಆರಿಸಲೇಬೇಕು. ಶಿವರಾತ್ರಿಯಿಂದೀಚೆಗೆ ಆರಿಸಿದ ಇಂಜಿನ್ ಒಂಬತ್ತು ಸಲ ಮತ್ತೆ ಹತ್ತಲಿಲ್ಲ. ನಾಲ್ಕು ಸಲ ಬಸ್ಸು ತಪ್ಪಿತು.

ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಕುದಿದು ಆವಿಯಾಗುತ್ತದೆ ಎಂಬುದು ಈ ರಸ್ತೆಯ ಡ್ರೈವರುಗಳೆಲ್ಲರ ನಂಬಿಕೆ. ಅದಕ್ಕೆ ಮದ್ದು ಒದ್ದೆ ಬಟ್ಟೆ. ಒದ್ದೆ ಬಟ್ಟೆ ಜೀಪಿನಲ್ಲೇ ಇರುತ್ತದೆ, ಹೂವಿನ ಗಂಟಿನ ಮೇಲೆ. ಡ್ರೈವರ್ ಮುನಿಯಲ್ಲಪ್ಪ ಅದನ್ನೇ ಎಳೆದು ಇಂಜಿನ್ನಿನ ಪೆಟ್ರೋಲ್ ಪಂಪಿಗೆ ಸುತ್ತುತ್ತಿದ್ದ. ಇಪ್ಪತ್ತು ನಿಮಿಷಕ್ಕೆ ಗಾಡಿ ಹತ್ತುತ್ತಿತ್ತು, ಬಟ್ಟೆ ಗಂಟಿಗೆ ಮರಳುತ್ತಿತ್ತು. ಕನಕಾಂಬರಕ್ಕೆ ತನ್ನದೇ ಆದ ವಾಸನೆಯಿಲ್ಲ. ಪೆಟ್ರೋಲಿನ ವಾಸನೆ ಹತ್ತಿದರೆ ಅದೇ ಅದರ ವಾಸನೆ. "ಮಂಡಿಯೋನು ಮೂಸಿ ನೋಡಿ, ಇದ್ನ ದೇವ್ರಿಗೆ ಮುಡಿಸ್ಲಾ, ದೀಪಕ್ಕೆ ಹಾಕ್ಲಾ ಅಂದ" ಎನ್ನುತ್ತಾರೆ ಸಾಕಮ್ಮ. ಮೂರು ಹಳ್ಳಿಯ ಹೂವನ್ನು ದಿನವೂ ಬೆಂಗಳೂರಿಗೆ ಒಯ್ಯುವವರು ಅವರೇ. ರಾಮಾಂಜಿನಪ್ಪನವರನ್ನು ಕರೆಸಿದ್ದೂ ಅವರೇ.

ರಾಮಾಂಜಿನಪ್ಪ ಕೂಡ ಮೊದಲು ಬಟ್ಟೆಯನ್ನೇ ನಂಬಿದರು. ಹೋದ ತಿಂಗಳು ಪಂಪು ಬಿಚ್ಚಿ ಅದರೊಳಗಿನ ರಬ್ಬರು ಬದಲಿಸಿದರು. ಏನೂ ಆಗಲಿಲ್ಲ. "ತಪ್ಪು ನಂದೇಯ. ತಣ್ಣಗಿದ್ದ ಗಾಡಿನ ಮುಂದಿಟ್ಕೊಂಡು ಬಿಸಿ ಗಾಡಿ ಕತೆ ಹೇಳ್ದೆ."

ಐದೂ ಐವತ್ತೈದಕ್ಕೆ ಜೀಪು ಬರುತ್ತದೆ. ಏಳನೆಯ ಗಂಟು ಏರುತ್ತದೆ. ಮುನಿಯಲ್ಲಪ್ಪ ಸೆಲ್ಫ್ ಹೊಡೆಯುತ್ತಾನೆ. ಇಂಜಿನ್ ತಿರುಗುತ್ತದೆ, ಹತ್ತುವುದಿಲ್ಲ.

"ಅಣ್ಣೋ, ನಿನ್ ಅಳಿಯ ಮುನಿಸ್ಕೊಂಡ!" ಎಂದು ಅವನು ಜೀಪಿನ ಮೇಲೆ ತಟ್ಟಿ ಕೂಗುತ್ತಾನೆ.

ರಾಮಾಂಜಿನಪ್ಪ ಆಗಲೇ ಬಾನೆಟ್ ಎತ್ತಿದ್ದಾರೆ. ಮುನಿಯಲ್ಲಪ್ಪನ ಕೈ ಅಭ್ಯಾಸಬಲದಿಂದ ಗಂಟಿನ ಬಟ್ಟೆಗೆ ಹೋಗುತ್ತದೆ.

"ಬಟ್ಟೆ ಮುಟ್ಟಬ್ಯಾಡ ಕಣ್ಲಾ! ತಣ್ಣಗಾದ್ರೆ ಕಳ್ಳ ತಪ್ಪಿಸ್ಕೊಂಬುಡ್ತಾನೆ."

"ನೀನು ಕಳ್ಳನ್ನ ಹಿಡಿಯೋ ಹೊತ್ಗೆ ನನ್ ಹೂವ ಬಾಡೋಯ್ತದೆ. ಮೊದ್ಲು ಗಾಡಿ ಎಬ್ಸಪ್ಪ" ಎಂದು ಸಾಕಮ್ಮ ಜೀಪಿನ ಹಿಂಬದಿಯಿಂದ ಗದರುತ್ತಾರೆ.

ಪೈಪು ಸಡಿಲಿಸಿದರೆ ಪೆಟ್ರೋಲು ಚೆನ್ನಾಗಿ ಬರುತ್ತಿದೆ. ಪ್ಲಗ್ಗಿನ ತಂತಿ ಕಿತ್ತು ಇಂಜಿನ್ನಿನ ಮೈಗೆ ಸಮೀಪ ಹಿಡಿದು ಸೆಲ್ಫ್ ಹೊಡೆಸಿದರೆ ಕಿಡಿಯಿಲ್ಲ. "ಇಷ್ಟು ದಿನ ಪೆಟ್ರೋಲ್ನ ಬೈದ್ವಲ್ಲೋ. ಪಾಪ, ಅದು ಬತ್ತಾನೇ ಐತೆ." ಕಂಡೆನ್ಸರು ಬದಲಿಸುತ್ತಾರೆ. ಕಿಡಿಯಿಲ್ಲ. ಇನ್ನು ಉಳಿದದ್ದು ಕಿಡಿ ಹುಟ್ಟಿಸುವ ಕಾಯಿಲು. ಅದು ಇಂಜಿನ್ನಿಗೇ ಅಂಟಿಕೊಂಡು ಕೂತಿದೆ, ಮುಟ್ಟಿದರೆ ಕೈ ಸುಡುತ್ತದೆ. ಡಬ್ಬಿಯ ಕಾಯಿಲಿಗೆ ತಂತಿ ಕೊಟ್ಟ ಕೂಡಲೇ ಚಟ್ ಎಂದು ನೀಲಿ ಕಿಡಿ ಹಾರುತ್ತದೆ. ಪ್ಲಗ್ಗಿನ ತಂತಿ ಸಿಕ್ಕಿಸಿದರೆ ಇಂಜಿನ್ ಹತ್ತುತ್ತದೆ. ಗಂಟೆ ಆರು ಎಂಟು. ಹೊಸೂರಿಗೆ ಇಪ್ಪತ್ತು ನಿಮಿಷ. ಬಸ್ಸು ಸಿಗುತ್ತದೆ.

ರಾಮಾಂಜಿನಪ್ಪ ಕೈ ಚಾಚಿ ಇಂಜಿನ್ ಆರಿಸುತ್ತಾರೆ. ಹಳೆಯ ಕಾಯಿಲಿಗೆ ಮತ್ತೆ ತಂತಿ ಕೊಡತೊಡಗುತ್ತಾರೆ.

"ಅಯ್ಯೋ, ನಿನ್ ಕೈ ಸೇದೋಗ! ಹತ್ತಿದ ಗಾಡಿನ ಯಾಕ್ಲಾ ಆರಿಸ್ದೆ?" ಎಂದು ಸಾಕಮ್ಮ ಕೂಗುತ್ತಾರೆ.

"ಬಟ್ಟೆ ಹಾಕ್ದಾಗ್ಲೂ ಹತ್ತಿತ್ತಲ್ಲಕ್ಕಾ? ಅದ್ನ ನಂಬಿ ಪಂಪ್ ಬಿಚ್ಚಿದೆ. ಈಗ ಕಾಯಿಲಿಂದ ಹತ್ತಿತೋ, ಇಷ್ಟೊತ್ಗೆ ತಣ್ಣಗಾಗಿ ಹತ್ತಿತೋ, ಹೆಂಗೇಳ್ಲಿ? ಹಳೇದು ಇನ್ನೊಂದ್ಸಲ ಸಾಯ್ಬೇಕು. ಆಗ ನಂಬ್ತೀನಿ."

"ಅದು ಸಾಯೋದ್ರೊಳಗೆ ನಾನು ಸಾಯ್ತೀನಿ. ನಾಳೆ ನೋಡ್ಕೊಳಪ್ಪ!"

"ನಾಳೆ ಇದು ಚಂದಾಗಿ ಹತ್ಬುಟ್ರೆ? ಮೂರು ದಿನ ಹತ್ತಲಿಲ್ವಾ?"

ಹಳೆಯದು ಸಾಯುತ್ತದೆ. ಹೊಸದು ಮತ್ತೆ ಬದುಕುತ್ತದೆ. ಗಂಟೆ ಆರು ಹತ್ತೊಂಬತ್ತು. ತಮ್ಮ ಬಳಿಯಿದ್ದ ಒಂದೇ ಕಾಯಿಲನ್ನು ಇಂಜಿನ್ನಿನಿಂದ ದೂರಕ್ಕೆ, ಗಾಳಿ ಬೀಳುವಲ್ಲಿ, ತಂತಿಯಿಂದ ಬಿಗಿದು ರಾಮಾಂಜಿನಪ್ಪ ಬಾನೆಟ್ ಮುಚ್ಚುತ್ತಾರೆ. ಮುನಿಯಲ್ಲಪ್ಪ ಜೀಪನ್ನು ಹಾರಿಸಿಕೊಂಡೇ ಹೋಗುತ್ತಾನೆ. ಹೊಸೂರು ಮುಟ್ಟುವಾಗ ಆರು ಮೂವತ್ತಾರು. ಬಸ್ಸು ಹೊರಟುಹೋಗಿದೆ.

ಅವರು ಮಾಡಿದ್ದು ಸರಿಯಾದ ಪರೀಕ್ಷೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಹನ್ನೊಂದು ನಿಮಿಷಕ್ಕೆ ತೆತ್ತ ಹೂವು ಅವರದಲ್ಲ. ಸಾಕಮ್ಮ ರಾಮಾಂಜಿನಪ್ಪನವರೊಂದಿಗೆ ಒಂದು ವಾರ ಮಾತು ಬಿಟ್ಟರು. "ಕೆಲ್ಸ ಗೊತ್ತು ಅವನಿಗೆ. ಹೊತ್ತು ಗೊತ್ತಿಲ್ಲ" ಎಂದು ಈಗಲೂ ಹೇಳುತ್ತಾರೆ. ಆದರೂ ಜವಳಗಿರಿ ಕಡೆಯ ಒಂದು ಜೀಪಿಗೆ ಇದೇ ಕಾಯಿಲೆ ಬಂದಾಗ ರಾಮಾಂಜಿನಪ್ಪನವರ ವಿಳಾಸ ಕೊಟ್ಟು ಕಳಿಸಿದವರು ಅವರೇ.

ಇದು ನಡೆದು ಹದಿನಾರು ದಿನವಾಗಿದೆ. ಹೂವಿನ ಜೀಪು ಹದಿನಾರು ದಿನವೂ ಮತ್ತಿಗಿರಿಯಲ್ಲಿ ನಿಂತಿದೆ, ಒಂದೇ ಸೆಲ್ಫಿಗೆ ಹೊರಟಿದೆ. ಮುಂದಿನ ಗಾಡಿಯ ಪರೀಕ್ಷೆಗೆ ಇನ್ನೊಂದು ಕಾಯಿಲು ಸಿಕ್ಕರೆ ಸಾಕೆಂಬುದನ್ನು ಬಿಟ್ಟರೆ ರಾಮಾಂಜಿನಪ್ಪನವರಿಗೆ ಬೇರೆ ಬೇಡಿಕೆಯಿಲ್ಲ. ಆ ಬೆಳಿಗ್ಗೆ ಅವರು ಸೈಕಲ್ಲಿನಲ್ಲಿ ಜೀಪಿನ ಹಿಂದೆಯೇ ಹೊಸೂರಿಗೆ ಹೋಗಿದ್ದರು, ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದವರೆಗೆ ದೂರದಲ್ಲಿ ನಿಂತಿದ್ದರು.

"ಯಾರೂ ಕೇಳಿಲ್ಲ. ಅಕ್ಕನೂ ಹೇಳಿಲ್ಲ. ನಾನೇ ನಿಂತು ಎಣಿಸ್ದೆ."

ಕನಕಾಂಬರ ಏಳು ಗಂಟು. ಹೊಸೂರಿನಲ್ಲಿ ಮಾರಿದ್ದು ಎರಡು. ಬಾಡಿ, ಬಸ್ ನಿಲ್ದಾಣದ ಹಿಂದೆ ಸುರಿದದ್ದು ಐದು.