ಬಾಯಿ ಕಟ್ಟಿದ ಹುಂಜ

"ಸ್ತೋಯ್ಕಾಳ ಮನೆಯ ಹುಂಜಕ್ಕೆ ಜುಟ್ಟಿಲ್ಲ, ಬಾಲಕ್ಕೆ ಪ್ಲಗ್ ಇದೆ" ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಪ್ಲೇವೆನ್ ಊರಿನ ಆ ಕಾಂಕ್ರೀಟ್ ವಠಾರದ ಗೋಡೆಗಳು ಹಪ್ಪಳದಷ್ಟು ತೆಳು. ಅವಳ ಅಲಾರಂ ಕೂಗಿದರೆ ಮೂರು ಅಂತಸ್ತು ಎದ್ದು ಕೂರುತ್ತಿತ್ತು.

ಟ್ರಾಲಿಬಸ್ ಓಡಿಸುವ ಸ್ತೋಯ್ಕಾಳ ತಲೆದೆಸೆಯಲ್ಲಿ ಆ ಅಲಾರಂ ಪೆಟ್ಟಿಗೆ. ಪೆಟ್ಟಿಗೆಯ ನೆತ್ತಿಯ ಮೇಲೆ ಫೋನು ಕೂರಿಸಿದರೆ ರಾತ್ರಿಯೆಲ್ಲ ಅದಕ್ಕೆ ಕರೆಂಟು ಕುಡಿಸಿ, ನಸುಕಿಗೆ ಫೋನಿನೊಳಗಿನ ಹಾಡನ್ನೇ ಕೂಗುತ್ತಿತ್ತು. ಅಲಾರಂ ಎರಡು: ಒಂದು ಅವಳ ಕೆಲಸಕ್ಕೆ, ಇನ್ನೊಂದು ಗಂಡ ಗೆನಾದಿಯ ಕಾಫಿಗೆ. ಫೋನಿಲ್ಲದಿದ್ದರೆ ಪೆಟ್ಟಿಗೆಯದೇ ರೇಡಿಯೋ ಕಿರುಚುತ್ತಿತ್ತು. ಕುಡಿದು ಬಸ್ಸು ಓಡಿಸಿ ಅದೇ ಡಿಪೋದಿಂದ ಹೊರಬಿದ್ದ ಗೆನಾದಿಗೆ ಹೆಂಡತಿಯ ಸಮವಸ್ತ್ರ ಕಂಡರೆ ಮೈಯೆಲ್ಲ ಉರಿ.

ಆ ಚಳಿಗಾಲ ಎರಡು ಸಲ ಅವಳಿಗೆ ಎಚ್ಚರವೇ ಆಗಲಿಲ್ಲ. ಮತ್ತೊಮ್ಮೆ ತಡವಾದರೆ ಕೆಲಸವಿಲ್ಲ ಎಂದು ಡಿಪೋದವರು ಖಡಾಖಂಡಿತ ಹೇಳಿದರು.

"ಅಲಾರಂ ಬಡ್ಕೊಳ್ತು ಕಣೇ, ನೀನೇ ಹೆಣದ ಹಾಗೆ ಬಿದ್ದಿದ್ದೆ" ಎಂದ ಗೆನಾದಿ. "ಕಿವಿ ಸತ್ತೋಗಿದೆ ನಿಂಗೆ. ಸ್ಟೇರಿಂಗ್ ಬಿಟ್ಟು ಸೌಟು ಹಿಡಿ."

ಅಲಾರಂ ದೀಪ ಕೆಂಪಗೆ ಉರಿಯುತ್ತಲೇ ಇತ್ತಲ್ಲ, ಅವಳೂ ನಂಬಿದಳು. ಕಿವಿಗೆ ಬೆಚ್ಚನೆ ಎಣ್ಣೆ ಬಿಟ್ಟುಕೊಂಡಳು.

ರಜೆಯ ಬೆಳಗ್ಗೆ ಬ್ರೆಡ್ಡು ತರುವಾಗ ಕೆಳಮನೆಯ ಮಿಲ್ಕಾ ಮೆಟ್ಟಿಲಲ್ಲೇ ಅಡ್ಡಗಟ್ಟಿದಳು. ಅವಳದು ಬಾನಿತ್ಸಾ ಎಂಬ ಚೀಸಿನ ರೊಟ್ಟಿ ಸುಟ್ಟು ಮಾರುವ ಅಂಗಡಿ.

"ಏನಕ್ಕಾ, ನಿನ್ನ ಹುಂಜಕ್ಕೇನು ರೋಗ? ಎರಡು ಸಲ ಕೂಗ್ಲೇ ಇಲ್ಲ. ನಾನೂ ಮಲಗಿಬಿಟ್ಟೆ, ಗಿರಾಕಿಗಳು ಉಗಿದು ಹೋದ್ರು."

"ನೀನೊಂದು ಅಲಾರಂ ಇಟ್ಕೋಬಾರ್ದೇನೆ?"

"ನಿಂದಿರೋವಾಗ ನಂಗ್ಯಾಕೆ?"

ಸ್ತೋಯ್ಕಾ ಮೇಲಕ್ಕೋಡಿದಳು. ಪೆಟ್ಟಿಗೆಯ ಪಕ್ಕದಲ್ಲಿ ಸದ್ದಿನ ತಿರುಗಣಿ; ಹಾಡಿಗೂ ಅದೇ, ಅಲಾರಂಗೂ ಅದೇ. ಅದು ಸೊನ್ನೆಗೆ ಬಂದು ನಿಂತಿತ್ತು. ನಾಳೆಗೆ ಸಿದ್ಧವಾಗಿ.

"ಇದನ್ನ ತಿರುಗಿಸಿದ್ದು ಯಾರು?"

ಗೆನಾದಿ ಹಾಸಿಗೆಯಲ್ಲೇ ಹೊರಳಿದ. "ಧೂಳು ಒರೆಸ್ದೆ."

"ಮದುವೆಯಾದಾಗಿಂದ ಒಂದು ಲೋಟ ಎತ್ತಿಡದ ಕೈ! ಸವೆದು ಹೋಗ್ಲಿಲ್ವಾ?"

"ಹೌದು ಕಣೇ, ತಿರುಗಿಸ್ದೆ. ನನ್ನನ್ನ ನಾಯಿ ಹಾಗೆ ಅಟ್ಟಿದ ಡಿಪೋ. ಅವರ ಕೋಟು ಹಾಕ್ಕೊಂಡು ದಿನಾ ನನ್ನ ಕಣ್ಣೆದುರು ಮೆರೀತೀಯ."

"ನಿನ್ನನ್ನ ಅಟ್ಟಿದ್ದು ಡಿಪೋ ಅಲ್ಲ, ಬಾಟ್ಲಿ. ಕಿವಿ ಸತ್ತಿದೆ ಅಂತ ನನ್ನನ್ನೇ ನಂಬಿಸಿದ್ಯಲ್ಲೋ ಪಾಪಿ."

ಅವಳು ತಿರುಗಣಿಯನ್ನು ತುದಿಗೆ ತಿರುಗಿಸಿದಳು. ಪ್ಲಗ್ ಕಿತ್ತು, ಪೆಟ್ಟಿಗೆಯನ್ನೂ ಸಮವಸ್ತ್ರವನ್ನೂ ಚೀಲಕ್ಕೆ ತುರುಕಿದಳು. ಡಿಪೋ ಪಕ್ಕದಲ್ಲೇ ಅವಳ ತಂಗಿಯ ಮನೆ.

"ಹೋಗು, ಸಂಜೆಗೆ ಬಾಲ ಮುದುರ್ಕೊಂಡು ಬರ್ತೀಯ!"

ಅವಳು ತಿರುಗಿ ನೋಡಲಿಲ್ಲ. ಮೆಟ್ಟಿಲುಗಳನ್ನು ಅರ್ಧ ಇಳಿದಿರಬೇಕು, ಚೀಲದೊಳಗಿಂದ ರೇಡಿಯೋ ಬೊಬ್ಬಿಟ್ಟಿತು. ಕರೆಂಟು ಹೋದರೂ ಇರಲಿ ಎಂದು ಅವಳೇ ಬ್ಯಾಟರಿ ತುಂಬಿಸಿಟ್ಟಿದ್ದಳು; ಅವನ ಕಾಫಿಯ ಹೊತ್ತಾಗಿತ್ತು. ಬಾಗಿಲುಗಳು ಒಂದೊಂದಾಗಿ ತೆರೆದವು.

"ಏಯ್, ಅದು ನನ್ನ ಅಲಾರಂ ಕಣೇ!" ಮೇಲಿಂದ ಗೆನಾದಿ ಅರಚಿದ.

ಸ್ತೋಯ್ಕಾ ಅದನ್ನು ಆರಿಸಲಿಲ್ಲ. "ಮಿಲ್ಕಾ, ನಾಳೆಗೆ ನೀನೊಂದು ಹುಂಜ ಕೊಂಡ್ಕೊಳ್ಳೇ" ಎಂದವಳೇ, ಕೂಗುವ ಚೀಲವನ್ನು ಹೆಗಲಿಗೇರಿಸಿ ಬೀದಿಗಿಳಿದಳು.